ಸಮೃದ್ಧಿ ಸುವಾರ್ತೆ: ನಂಬಿಕೆ, ಮಾರುಕಟ್ಟೆ, ರಾಜಕಾರಣ

ನಂಬಿಕೆ ಗಟ್ಟಿಯಾಗಿದ್ದರೆ ದೇವರು ಆರೋಗ್ಯವನ್ನೂ ಸಿರಿಯನ್ನೂ ಈ ಲೋಕದಲ್ಲೇ ಕೊಡುತ್ತಾನೆ ಎಂಬ ಕ್ರೈಸ್ತ ಬೋಧನೆಗೆ ಸಮೃದ್ಧಿ ಸುವಾರ್ತೆ ಎಂದು ಹೆಸರು. ಇದು ಬೆಳೆದದ್ದು ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ. ಕಾಣಿಕೆಯೆಂದರೆ ಬಿತ್ತಿದ ಬೀಜ, ಅದು ಹಲವು ಪಟ್ಟು ಫಲ ಕೊಡುತ್ತದೆ ಎಂದು ಅಲ್ಲಿನ ಬೋಧಕ ಓರಲ್ ರಾಬರ್ಟ್ಸ್ ಸಾರಿದರು. ನಂಬಿದ್ದನ್ನು ಬಾಯಿಬಿಟ್ಟು ಘೋಷಿಸಿದರೆ ಅದು ದಕ್ಕುತ್ತದೆ ಎಂದು ಇನ್ನೊಬ್ಬ ಬೋಧಕ ಕೆನೆತ್ ಹೇಗಿನ್ ಕಲಿಸಿದರು.

ತಮಿಳುನಾಡಿನ ಸೇಲಂ, ಧರ್ಮಪುರಿ ಸೀಮೆಗೆ ಕ್ರೈಸ್ತಧರ್ಮ ಬಂದ ದಾರಿಯೇ ಬೇರೆ. 1623ರಲ್ಲಿ ಸೇಲಂಗೆ ಬಂದ ಯೇಸುಸಭೆಯ ಪಾದ್ರಿ ರಾಬರ್ಟೊ ದೆ ನೊಬಿಲಿ ಸಂನ್ಯಾಸಿಯಂತೆ ಉಟ್ಟು, ಮಾಂಸ ತೊರೆದು ಬದುಕಿದವರು. ಲಂಡನ್ ಮಿಷನ್ 1827ರಲ್ಲಿ ಸೇಲಂನಲ್ಲಿ ನೆಲೆಯೂರಿತು. ಸೇಲಂ ಕಥೋಲಿಕ ಧರ್ಮಪ್ರಾಂತ್ಯ 1930ರಲ್ಲಿ, ಧರ್ಮಪುರಿಯದು 1997ರಲ್ಲಿ ರೂಪುಗೊಂಡವು. ಈ ಹಳೆಯ ಪರಂಪರೆಯಲ್ಲಿ ತ್ಯಾಗಕ್ಕೆ ಮನ್ನಣೆಯಿತ್ತು. ಬಡತನ ನಂಬಿಕೆಯ ಕೊರತೆ ಎನಿಸಿರಲಿಲ್ಲ.

1991ರ ಆರ್ಥಿಕ ಉದಾರೀಕರಣದ ನಂತರ ಕೇಬಲ್ ಟಿವಿ ಮನೆಮನೆ ಸೇರಿತು. ಹೊಸ ಸರಕಿನ ಜಾಹೀರಾತೂ ಪ್ರವಚನವೂ ಒಂದೇ ಪರದೆಯಲ್ಲಿ ಕಾಣಿಸಿದವು. ಬ್ಯಾಂಕ್ ನೌಕರರಾಗಿದ್ದ ಡಿ.ಜಿ.ಎಸ್. ದಿನಕರನ್ (1935–2008) ಚೆನ್ನೈಯಲ್ಲಿ ಕಟ್ಟಿದ 'ಜೀಸಸ್ ಕಾಲ್ಸ್' ತಮಿಳುನಾಡಿನ ದೊಡ್ಡ ಮಾಧ್ಯಮ ಸೇವೆಗಳಲ್ಲಿ ಒಂದಾಯಿತು. ದಣಿದವರಿಗೆ ಫೋನಿನಲ್ಲೇ ಪ್ರಾರ್ಥನೆಯ ಸಾಂತ್ವನ ಸಿಕ್ಕಿತು. ಜೊತೆಗೆ ಮಕ್ಕಳ ಹೆಸರಿನಲ್ಲಿ, ವ್ಯಾಪಾರದ ಹೆಸರಿನಲ್ಲಿ ಕಾಣಿಕೆ ಕಟ್ಟಿ ಆಶೀರ್ವಾದ ಕೋರುವ ಯೋಜನೆಗಳೂ ಬಂದವು. ಇಂಥ ಕಡೆ ಭಕ್ತ ಗ್ರಾಹಕನಿಗೆ ಹತ್ತಿರವಾಗುತ್ತಾನೆ. ಕೆಲಸ, ಮನೆ, ವಾಹನ ಸಿಕ್ಕವರ ಸಾಕ್ಷಿ ವೇದಿಕೆಯೇರುತ್ತದೆ. ಸಿಗದವರ ಮಾತು ಕೇಳಿಸುವುದಿಲ್ಲ.

ರಾಜಕಾರಣವೂ ಇದರಿಂದ ದೂರವಿಲ್ಲ. 2017ರಲ್ಲಿ ಟ್ರಂಪ್ ಪ್ರಮಾಣವಚನದ ವೇಳೆ ಪ್ರಾರ್ಥಿಸಿದ ಪೌಲಾ ವೈಟ್ ಇದೇ ಪಂಥದವರು. 2005ರ ಜನವರಿಯಲ್ಲಿ ಇದೇ ಪಂಥದ ಬೋಧಕ ಬೆನ್ನಿ ಹಿನ್ ಬೆಂಗಳೂರಿನ ಜಕ್ಕೂರಿನಲ್ಲಿ ನಡೆಸಿದ ಸಭೆಯ ವಿರುದ್ಧ ಹಿಂದೂ ಸಂಘಟನೆಗಳು ಬೀದಿಗಿಳಿದವು. ತಮಿಳುನಾಡಿನಲ್ಲಿ ಜಯಲಲಿತಾ ಸರ್ಕಾರ 2002ರಲ್ಲಿ ಬಲವಂತ, ಆಮಿಷ, ವಂಚನೆಯ ಮತಾಂತರವನ್ನು ನಿಷೇಧಿಸಿ, 2004ರ ಲೋಕಸಭಾ ಚುನಾವಣೆಯಲ್ಲಿ ಸೋತ ಬಳಿಕ ಅದನ್ನು ಹಿಂತೆಗೆದುಕೊಂಡಿತು. ಕರ್ನಾಟಕ 2022ರಲ್ಲಿ ಅಂಥದೇ ಕಾಯ್ದೆ ತಂದಿತು. ಸಿರಿಯ ಭರವಸೆ ಕೊಡುವ ಬೋಧನೆ ಆಮಿಷದ ಆರೋಪಕ್ಕೆ ಸುಲಭವಾಗಿ ಈಡಾಗುತ್ತದೆ. ಆ ಅನುಮಾನದ ಹೊರೆ ಏನನ್ನೂ ಮಾರದ ಬಡ ಸಭೆಗಳ ಮೇಲೂ ಬೀಳುತ್ತದೆ.

ಬೆನ್ನಿ ಹಿನ್ ಅವರೇ 2019ರಲ್ಲಿ, ಹಣ ಕೊಟ್ಟರೆ ಆಶೀರ್ವಾದ ಸಿಗುತ್ತದೆಂಬ ಬೋಧನೆಯನ್ನು ಬಿಟ್ಟೆನೆಂದು ಬಹಿರಂಗವಾಗಿ ಹೇಳಿದರು. ಕಷ್ಟದಲ್ಲಿರುವವರಿಗೆ ಭರವಸೆ ಬೇಕು, ನಿಜ. ಆದರೆ ಕೈಗೂಡದ ಪ್ರಾರ್ಥನೆಯ ತಪ್ಪನ್ನು ಬಡವನ ತಲೆಗೇ ಕಟ್ಟುವ ಬೋಧನೆ ಅವನಿಗೆ ಅನ್ಯಾಯ ಮಾಡುತ್ತದೆ.