ನಿಮಗಿದು ಗೊತ್ತೇ? ನಿಮ್ಮ ಬ್ರೌಸರ್ ನಿಮಗೆ ಬೇಕಾದಂತೆ

ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ, ಫೈರ್‌ಫಾಕ್ಸ್‌ಗೆ ಬರುತ್ತದೆ. 2023ರ ಡಿಸೆಂಬರ್‌ನಿಂದ ನೂರಾರು ಎಕ್ಸ್‌ಟೆನ್ಷನ್‌ಗಳು ಫೋನಿನ ಫೈರ್‌ಫಾಕ್ಸ್‌ಗೂ ಸಿಗುತ್ತಿವೆ. ಬ್ರೌಸರ್‌ನಲ್ಲಿ ಇಲ್ಲದ ಸೌಲಭ್ಯವೊಂದನ್ನು ತಂದು ಜೋಡಿಸುವ ಕಿರುತಂತ್ರಾಂಶವೇ ಎಕ್ಸ್‌ಟೆನ್ಷನ್. ಕಾರವಾರ, ಅಂಕೋಲಾ ಕಡೆ ಇಂಟರ್ನೆಟ್ ಎಂದರೆ ಫೋನೇ ಆಗಿರುವ ಮನೆಗಳು ಬಹಳ. ಅವರಿಗಾಗಿಯೇ ಇದನ್ನು ಮೊದಲು ಹೇಳಿದೆ.

ಯಾವುದನ್ನು ಮೊದಲು ಹಾಕಿಕೊಳ್ಳಬೇಕು? ‘ಯುಬ್ಲಾಕ್ ಆರಿಜಿನ್’. ರೇಮಂಡ್ ಹಿಲ್ 2014ರಲ್ಲಿ ಹೊರತಂದ ಇದು ಪೂರ್ತಿ ಉಚಿತ, ಅವರು ದೇಣಿಗೆಯನ್ನೂ ಪಡೆಯುವುದಿಲ್ಲ. ಇದು ಜಾಹೀರಾತನ್ನು ಡೌನ್‌ಲೋಡ್ ಆಗಲಿಕ್ಕೇ ಬಿಡುವುದಿಲ್ಲವಾದ್ದರಿಂದ ಡೇಟಾ ಉಳಿಯುತ್ತದೆ. ಅಚವೆ, ಹಿಲ್ಲೂರಿನಂಥ ಒಳಭಾಗದ ಊರುಗಳಲ್ಲಿ ಮಳೆಗಾಲಕ್ಕೆ ಸಿಗ್ನಲ್ ಒಂದೇ ಕಡ್ಡಿಗೆ ಇಳಿದಾಗ ಇದರ ಬೆಲೆ ತಿಳಿಯುತ್ತದೆ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಹೊಸ ನಿಯಮ ಬಂದ ಮೇಲೆ ಇದರ ‘ಲೈಟ್’ ರೂಪ ಮಾತ್ರ ಸಿಗುತ್ತದೆ, ಫೈರ್‌ಫಾಕ್ಸ್‌ನಲ್ಲಿ ಪೂರ್ಣರೂಪವೇ ಇದೆ. ಆದರೆ ಒಂದು ಮಾತು: ನಮ್ಮೂರ ಸುದ್ದಿ ಕೊಡುವ ಸಣ್ಣ ಜಾಲತಾಣಗಳು ಬದುಕುವುದು ಜಾಹೀರಾತಿನ ಮೇಲೆ. ಅಂಥ ತಾಣ ತೆರೆದಾಗ ಎಕ್ಸ್‌ಟೆನ್ಷನ್‌ನ ದೊಡ್ಡ ಪವರ್ ಗುಂಡಿ ಒತ್ತಿ, ಆ ತಾಣಕ್ಕಷ್ಟೇ ವಿನಾಯಿತಿ ಕೊಡಿ. ನಾವು ಓದುವ ಸುದ್ದಿಗೆ ನಾವು ಸಲ್ಲಿಸಬೇಕಾದ ಋಣ ಅದು.

ಮೈಕ್ರೋಸಾಫ್ಟ್ ಎಡ್ಜ್ ಕನ್ನಡ ಓದಿ ಹೇಳುತ್ತದೆ, ಯಾವ ಎಕ್ಸ್‌ಟೆನ್ಷನ್ನೂ ಬೇಡ. ಕನ್ನಡ ಪುಟ ತೆರೆದು ಕಂಟ್ರೋಲ್, ಶಿಫ್ಟ್ ಜತೆ ಯು ಒತ್ತಿ. ‘ಸಪ್ನಾ’ ಹೆಣ್ಣುದನಿ, ‘ಗಗನ್’ ಗಂಡುದನಿ. ಕಣ್ಣು ಮಂಜಾದ ಹಿರಿಯರಿಗೆ ಇಷ್ಟು ದೊಡ್ಡ ಉಪಕಾರ ಬೇರೆ ಯಾವ ಗುಂಡಿಯಿಂದಲೂ ಆಗಲಾರದು.

ಒತ್ತಕ್ಷರ ಕಾಣುವುದಿಲ್ಲವೇ? ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳಲ್ಲಿ ಒತ್ತುಗಳು ಇಂಗ್ಲಿಷಿಗೆಂದು ಗೊತ್ತುಮಾಡಿದ ಅಳತೆಯಲ್ಲಿ ಕಲಸಿಹೋಗುತ್ತವೆ. ಫೈರ್‌ಫಾಕ್ಸ್‌ನ ಫಾಂಟ್ ಸೆಟ್ಟಿಂಗ್‌ನಲ್ಲಿ ಕನ್ನಡಕ್ಕೆಂದೇ ಬೇರೆ ವಿಭಾಗವಿದೆ. ಅಲ್ಲಿ ಫಾಂಟನ್ನು ನಿರ್ಮಲಾ ಅಥವಾ ನೋಟೋಗೆ ಬದಲಿಸಿ, ಕನಿಷ್ಠ ಅಳತೆಯನ್ನು 18ಕ್ಕೋ 20ಕ್ಕೋ ಏರಿಸಿ. ಇಂಗ್ಲಿಷ್ ಪುಟಗಳು ಇದ್ದಂತೆಯೇ ಇರುತ್ತವೆ, ಕನ್ನಡದ್ದೆಂದು ಗುರುತಿಸಿದ ಪುಟಗಳ ಅಕ್ಷರ ಮಾತ್ರ ದೊಡ್ಡದಾಗುತ್ತದೆ.

ಮಾಜಾಳಿ ದಾಟಿದರೆ ಗೋವಾ, ಅಲ್ಲಿನ ಕೊಂಕಣಿ ದೇವನಾಗರಿಯಲ್ಲಿದೆ. ಮನೆಮಾತು ಕೊಂಕಣಿಯಾದರೂ ಕನ್ನಡ ಲಿಪಿಯಲ್ಲಷ್ಟೇ ಸಲೀಸಾಗಿ ಓದಬಲ್ಲವರು ವಿನೋದ್ ರಾಜನ್ ರೂಪಿಸಿದ ‘ಅಕ್ಷರಮುಖ’ ತಾಣವನ್ನು ಬುಕ್‌ಮಾರ್ಕ್ ಮಾಡಿಕೊಳ್ಳಬೇಕು. ದೇವನಾಗರಿ ಪಠ್ಯವನ್ನು ಅಂಟಿಸಿದರೆ ಅದು ಕನ್ನಡ ಲಿಪಿಯಲ್ಲಿ ಬರುತ್ತದೆ. ಇದು ಇಷ್ಟು ಸುಲಭವಾದದ್ದು ಹೇಗೆ ಗೊತ್ತೇ? ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ದೇವನಾಗರಿಯ ‘ಕ’ 2325, ಕನ್ನಡದ ‘ಕ’ 3221. ವ್ಯತ್ಯಾಸ 896. ‘ಮ’ಕ್ಕೂ ಅಷ್ಟೇ, ‘ಲ’ಕ್ಕೂ ಅಷ್ಟೇ. ಭಾರತೀಯ ಲಿಪಿಗಳನ್ನು ಒಂದೇ ಸಾಲಿನ ಕ್ರಮದಲ್ಲಿ ಜೋಡಿಸಿರುವುದರಿಂದ ಬಹುಪಾಲು ಅಕ್ಷರಗಳಿಗೆ 896 ಕೂಡಿಸಿದರೆ ಲಿಪಿ ಬದಲಾಗುತ್ತದೆ.

ಕನ್ನಡ ಬರೆಯಲಿಕ್ಕೂ ಈಗ ಎಕ್ಸ್‌ಟೆನ್ಷನ್ ಬೇಕಿಲ್ಲ. ವಿಂಡೋಸ್ 10ರ 2019ರ ಅಪ್‌ಡೇಟ್‌ನಿಂದ ಕನ್ನಡ ಫೊನೆಟಿಕ್ ಕೀಲಿಮಣೆ ಅದರೊಳಗೇ ಬಂದಿದೆ. ಒತ್ತಿದ ಕೀಲಿಯೆಲ್ಲವನ್ನೂ ನೋಡಬಲ್ಲ ತಂತ್ರಾಂಶವನ್ನು ಗುರುತಿಲ್ಲದವರಿಂದ ತರದಿರುವುದೇ ಲೇಸು.

ವಿ. ಕೃಷ್ಣ ಅವರು ನಾಲ್ಕು ದಶಕ ದುಡಿದು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಜಾಲಕ್ಕೆ ಬಂತು, ಎಲ್ಲರಿಗೂ ಉಚಿತ. ಅದನ್ನು ನೇರ ವಿಳಾಸಪಟ್ಟಿಯಿಂದಲೇ ಹುಡುಕಬಹುದು. ಅಲರ್‌ನಲ್ಲಿ ಒಂದು ಪದ ಹುಡುಕಿ, ಫಲಿತಾಂಶದ ವಿಳಾಸವನ್ನು ನಕಲಿಸಿಕೊಳ್ಳಿ. ಕ್ರೋಮ್‌ನ ಸರ್ಚ್ ಎಂಜಿನ್ ಸೆಟ್ಟಿಂಗ್‌ನಲ್ಲಿ ‘ಸೈಟ್ ಸರ್ಚ್’ಗೆ ಹೋಗಿ ಅದನ್ನು ಸೇರಿಸಿ, ವಿಳಾಸದಲ್ಲಿ ಪದವಿದ್ದ ಜಾಗಕ್ಕೆ ಶೇಕಡಾ ಚಿಹ್ನೆ ಹಾಕಿ, ಅದಕ್ಕಂಟಿಸಿ ಇಂಗ್ಲಿಷಿನ ಸಣ್ಣ ಎಸ್ ಬರೆಯಿರಿ. ಕಿರುಹೆಸರು ‘ಅ’ ಎಂದಿರಲಿ. ಆಮೇಲೆ ‘ಅ’ ಬರೆದು, ಟ್ಯಾಬ್ ಕೀಲಿ ಒತ್ತಿ, ಪದ ಬರೆದರೆ ಅರ್ಥ ಎದುರಿಗೇ ಬರುತ್ತದೆ. ಶಾಲೆಯ ಕಂಪ್ಯೂಟರುಗಳಲ್ಲಿ ಇದನ್ನು ಮಾಡಿಟ್ಟರೆ ಮಕ್ಕಳಿಗೆ ಎಷ್ಟು ಅನುಕೂಲ!

ಬೈತಕೋಲದ ದೋಣಿ ಮಾಲೀಕರಿಗೆ: ಬ್ರೌಸರ್ ತೆರೆದ ಕೂಡಲೇ ನಿಮಗೆ ಬೇಕಾದ ಪುಟವೇ ಬರುವಂತೆ ಮಾಡಬಹುದು. ಸೆಟ್ಟಿಂಗ್‌ನ ‘ಆನ್ ಸ್ಟಾರ್ಟಪ್’ನಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮುನ್ಸೂಚನೆಯ ಪುಟ ಹಾಕಿಡಿ. ಮೀನು ಸಿಗಬಹುದಾದ ಜಾಗದ ಮಾಹಿತಿಯನ್ನು ಆ ಸಂಸ್ಥೆ ಕನ್ನಡದಲ್ಲೂ ಕೊಡುತ್ತದೆ.

ತಪ್ಪಿ ಮುಚ್ಚಿದ ಟ್ಯಾಬ್ ಮರಳಿ ಬರಲು ಕಂಟ್ರೋಲ್, ಶಿಫ್ಟ್, ಟಿ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆ ದಿನಗಳ ಸ್ಥಳೀಯ ವರದಿಗಳು ಸಣ್ಣ ತಾಣಗಳಲ್ಲಿವೆ. ತಾಣ ಮುಚ್ಚಿದರೆ ವರದಿಯೂ ಹೋಯಿತು. ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷಿನ್’ ಎಕ್ಸ್‌ಟೆನ್ಷನ್ ಇದ್ದರೆ ನೀವು ಓದುತ್ತಿರುವ ಪುಟವನ್ನು ಒಂದೇ ಒತ್ತಿಗೆ ದಿನಾಂಕಸಹಿತ ಕಾಯ್ದಿಡಬಹುದು. ನಾಳೆ ಜಿಲ್ಲೆಯ ಚರಿತ್ರೆ ಬರೆಯುವವರಿಗೆ ಇದೇ ಆಕರ. ದಯವಿಟ್ಟು ಮಾಡಿ.

ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತವಾಯಿತು. ಅದನ್ನೇ ಬೇಡುವ ಹಳೆ ತಾಣಗಳಿಗಾಗಿ ಎಡ್ಜ್‌ನಲ್ಲಿ ‘ಐಇ ಮೋಡ್’ ಇದೆ. ರಸೀದಿಯೋ ಪ್ರಮಾಣಪತ್ರವೋ ಹೊಸ ಕಿಟಕಿಯಲ್ಲಿ ತೆರೆಯಬೇಕಾದಾಗ ಏನೂ ಬಾರದಿದ್ದರೆ ವಿಳಾಸಪಟ್ಟಿಯ ಬಲತುದಿ ನೋಡಿ. ಪಾಪ್‌ಅಪ್ ತಡೆಹಿಡಿದ ಗುರುತು ಅಲ್ಲಿರುತ್ತದೆ. ಆ ತಾಣಕ್ಕೆ ಮಾತ್ರ ಅನುಮತಿ ಕೊಟ್ಟರೆ ಸಾಕು.

ಒಳ್ಳೆಯ ಎಕ್ಸ್‌ಟೆನ್ಷನ್ ಕೆಟ್ಟದ್ದೂ ಆಗಬಹುದು. ‘ದಿ ಗ್ರೇಟ್ ಸಸ್ಪೆಂಡರ್’ ಎಂಬುದು ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಕಂಪ್ಯೂಟರಿನ ಮೆಮೊರಿ ಉಳಿಸುತ್ತಿತ್ತು. 20 ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದರು. 2020ರಲ್ಲಿ ಅದರ ಒಡೆತನ ಕೈಬದಲಾಯಿತು. ಕುತಂತ್ರಾಂಶ ಸೇರಿದೆಯೆಂದು 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಎಲ್ಲ ತಾಣಗಳಲ್ಲಿನ ನಿಮ್ಮ ಮಾಹಿತಿಯನ್ನು ಓದುವ, ಬದಲಿಸುವ ಅನುಮತಿ ಕೇಳುವ ಎಕ್ಸ್‌ಟೆನ್ಷನ್‌ಗೆ ನಿಮ್ಮ ಬ್ಯಾಂಕ್ ಪುಟವೂ ಕಾಣುತ್ತದೆ. ಕ್ರೋಮ್‌ನಲ್ಲಿ ಅದನ್ನು ‘ಆನ್ ಕ್ಲಿಕ್’ಗೆ ಬದಲಿಸಿದರೆ ನೀವು ಒತ್ತಿದಾಗ ಮಾತ್ರ ಅದು ಕೆಲಸ ಮಾಡುತ್ತದೆ. ನನ್ನ ಅಭಿಪ್ರಾಯದಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಎಕ್ಸ್‌ಟೆನ್ಷನ್ ಯಾರಿಗೂ ಬೇಡ.

ಆ ನಾಲ್ಕೈದರಲ್ಲಿ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಒಂದಿರಲಿ. ಅದು ಪಾಸ್‌ವರ್ಡನ್ನು ತಾಣದ ವಿಳಾಸಕ್ಕೇ ಕಟ್ಟಿಡುತ್ತದೆ. ‘ಇಂದು ರಾತ್ರಿ ಕರೆಂಟ್ ಕಡಿತ’ ಎಂಬ ಮೋಸದ ಸಂದೇಶದ ಕೊಂಡಿ ಒತ್ತಿ, ಬ್ಯಾಂಕಿನದೇ ಎನಿಸುವ ನಕಲಿ ಪುಟಕ್ಕೆ ಹೋದಿರೆನ್ನಿ. ನಮ್ಮ ಕಣ್ಣು ಮೋಸಹೋಗಬಹುದು, ಒಂದಕ್ಷರ ಬೇರೆಯಿದ್ದರೂ ಅದು ಪಾಸ್‌ವರ್ಡ್ ತುಂಬುವುದಿಲ್ಲ. ತುಂಬಲಿಲ್ಲವೆಂದರೆ ಅಲ್ಲಿಗೇ ನಿಲ್ಲಿಸಿ, ವಿಳಾಸ ನೋಡಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ನಮ್ಮ ಬ್ಯಾಂಕುಗಳ ತಾಣಗಳು ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದೇ ಮುಗಿಯಬೇಕು.

ಅಷ್ಟಾಗಿಯೂ ಹಣ ಹೋಯಿತೆಂದು ಗೊತ್ತಾದ ಕೂಡಲೇ ಕರೆ ಮಾಡಬೇಕಾದ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930. ಅಂಕೋಲಾದವರು ಈ ಸಂಖ್ಯೆಯನ್ನು ಮರೆಯುವಂತಿಲ್ಲ: ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಲ್ಲಿ ಉಪ್ಪಿನ ಕಾನೂನು ಮುರಿದ ವರ್ಷವೂ ಅದೇ. ಮನೆಯ ಹಿರಿಯರ ಫೋನಿನಲ್ಲಿ ಇವತ್ತೇ ಆ ಸಂಖ್ಯೆಯನ್ನು ಸೇವ್ ಮಾಡಿಕೊಡಿ.