ಮಕ್ಕಳು ಮೆಚ್ಚುವ ಚಿತ್ರಪುಸ್ತಕಗಳು

ಪುಸ್ತಕವನ್ನು ಮೆಚ್ಚಬೇಕಾದರೆ ಮೊದಲು ಓದು ಬರಬೇಕೆಂಬುದು ನಾವೆಲ್ಲರೂ ನಂಬಿಕೊಂಡು ಬಂದಿರುವ ಮಾತು. ಆದರೆ ಅಕ್ಷರದ ಗಂಧವೂ ಇಲ್ಲದ ಮೂರು ವರ್ಷದ ಮಗು ಹತ್ತು ಪುಸ್ತಕಗಳ ನಡುವೆ ಒಂದನ್ನೇ ಎತ್ತಿಕೊಂಡು, ದಿನವೂ ಅದನ್ನೇ ಓದಿಸಿಕೊಂಡು, ಹರಿದರೂ ಬಿಡದೆ ದಿಂಬಿನ ಕೆಳಗೆ ಇಟ್ಟುಕೊಳ್ಳುವುದನ್ನು ಕಂಡವರು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಕಳೆದ ದೀಪಾವಳಿಯ ರಜೆಯಲ್ಲಿ ಅಕ್ಕನ ಮನೆಗೆ ಹೋಗುವಾಗ ಅವಳ ಮಗನಿಗೆಂದು ದಪ್ಪನೆಯ ಕಥಾಪುಸ್ತಕವೊಂದನ್ನು ಕೊಂಡೊಯ್ದಿದ್ದೆ. ರಟ್ಟಿನ ಹೊದಿಕೆ, ನುಣುಪು ಕಾಗದ, ಪ್ರತಿಯೊಂದು ಕಥೆಯ ಕೊನೆಗೂ ಒಂದು ನೀತಿ. ಮಗು ಅದನ್ನು ಒಂದು ಸಲ ತಿರುವಿ ನೋಡಿತು; ಆಮೇಲೆ ಅದನ್ನು ಗೋಡೆಯ ಗೂಡಿನ ಕೆಳಗಿಟ್ಟು, ಅದರ ಮೇಲೆ ಹತ್ತಿ ನಿಂತು, ಗೂಡಿನೊಳಗಿದ್ದ ತನ್ನ ಹಳೆಯ ಪುಸ್ತಕವನ್ನು ಇಳಿಸಿಕೊಂಡಿತು! ಅದು ಹದಿನಾರು ಪುಟದ, ರಕ್ಷಾಪುಟ ಕಿತ್ತುಹೋದ ಪುಸ್ತಕ. ಕೋಳಿಯೊಂದು ಕಳೆದುಹೋದ ತನ್ನ ಮರಿಗಾಗಿ ಹಸು, ನಾಯಿ, ಬೆಕ್ಕು ಎಲ್ಲರನ್ನೂ ವಿಚಾರಿಸುತ್ತ ಹೋಗುತ್ತದೆ; ಕಡೆಗೆ ಮರಿ ಬುಟ್ಟಿಯ ಕೆಳಗೆ ಸಿಕ್ಕುತ್ತದೆ. ಇಷ್ಟೇ ಕಥೆ. ಆ ನಾಲ್ಕು ದಿನಗಳಲ್ಲಿ ಇದನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬೇಸತ್ತು ಒಮ್ಮೆ ಒಂದು ಪುಟವನ್ನು ಹಾರಿಸಿದಾಗ “ಮಾಮ, ನಾಯೀನ ಬಿಟ್ಟೆ!” ಎಂದು ಗದರಿಸಿತು. ಮರುದಿನ ನನ್ನ ಬೆರಳು ಹಿಡಿದು, ಒಂದೊಂದು ಪುಟದ ಮೂಲೆಯಲ್ಲಿಯೂ ಅಡಗಿದ್ದ ಮರಿಯ ಕೊಕ್ಕನ್ನು ತೋರಿಸಿತು. ಅಷ್ಟು ಸಲ ಓದಿದ್ದರೂ ನಾನು ಅದನ್ನು ಒಮ್ಮೆಯೂ ಕಂಡಿರಲಿಲ್ಲ.

ನನ್ನ ಪುಸ್ತಕ ಏಕೆ ಸೋತಿತು, ಆ ಹರಕು ಪುಸ್ತಕ ಏಕೆ ಗೆದ್ದಿತು? ಈ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮಗುವಿಗೆ ಚಿತ್ರವೆಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಅಮೆರಿಕದ ಮನಃಶಾಸ್ತ್ರಜ್ಞೆ ಜೂಡಿ ಡಿಲೋಶ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂಬತ್ತು ತಿಂಗಳ ಕೂಸುಗಳು ಪುಸ್ತಕದಲ್ಲಿರುವ ವಸ್ತುಗಳ ಚಿತ್ರಗಳನ್ನು ಕೈಯಿಂದ ಹಿಡಿದೆತ್ತಲು ಯತ್ನಿಸಿದುವು. ಚಿತ್ರಪುಸ್ತಕಗಳ ಬಳಕೆ ಅಷ್ಟಾಗಿ ಇಲ್ಲದ ಆಫ್ರಿಕದ ಐವರಿ ಕೋಸ್ಟಿನ ಕೂಸುಗಳೂ ಹಾಗೆಯೇ ಮಾಡಿದುವು. ಹತ್ತೊಂಬತ್ತು ತಿಂಗಳ ವೇಳೆಗೆ ಮಗು ಹಿಡಿಯುವುದನ್ನು ಬಿಟ್ಟು ಬೆರಳು ಮಾಡಿ ತೋರಿಸುತ್ತದೆ. ಚಿತ್ರ ವಸ್ತುವಲ್ಲ, ವಸ್ತುವಿನ ಗುರುತು ಎಂಬ ಅರಿವು ಹೀಗೆ ನಮ್ಮ ತೊಡೆಯ ಮೇಲೆಯೇ ಮೂಡುತ್ತದೆ. ಅಕ್ಷರಾಭ್ಯಾಸದ ಮೊದಲ ಮೆಟ್ಟಿಲು ಇದೇ ಎಂದರೆ ತಪ್ಪಾಗಲಾರದು. ಓದಿಸಿಕೊಳ್ಳುವಾಗ ಮಕ್ಕಳ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಕೆನಡಾದ ಸಂಶೋಧಕರು ಅಳೆದು 2005ರಲ್ಲಿ ತಿಳಿಸಿದರು. ನಾಲ್ಕೈದು ವರ್ಷದ ಮಕ್ಕಳು ಅಚ್ಚಾದ ಅಕ್ಷರಗಳನ್ನು ನೋಡುವುದು ತೀರ ಅಪರೂಪ. ಬಹುಮಟ್ಟಿಗೆ ಎಲ್ಲ ಹೊತ್ತೂ ಅವರ ದೃಷ್ಟಿ ಚಿತ್ರದ ಮೇಲೆಯೇ.

ಆದುದರಿಂದ ಚಿತ್ರಪುಸ್ತಕವೆಂಬುದು ಒಂದು ಪುಸ್ತಕವಲ್ಲ, ಎರಡು. ದೊಡ್ಡವರು ಓದುವುದು ಒಂದನ್ನು, ಮಗು ನೋಡುವುದು ಇನ್ನೊಂದನ್ನು. ಮೊದಲನೆಯದನ್ನು ಮಾತ್ರ ನೋಡಿ ನಾವು ಪುಸ್ತಕ ಕೊಳ್ಳುತ್ತೇವೆ. ಎರಡನೆಯದನ್ನು ನೋಡಿ ಮಗು ಅದನ್ನು ಮೆಚ್ಚುತ್ತದೆ, ಇಲ್ಲವೆ ತಳ್ಳುತ್ತದೆ.

ಮಕ್ಕಳಿಗಾಗಿ ಚಿತ್ರಗಳನ್ನು ಅಚ್ಚು ಹಾಕುವುದು ಹೊಸ ಸಂಗತಿಯೇನಲ್ಲ. ಕೊಮೀನಿಯಸ್ ಎಂಬ ಮೊರೇವಿಯದ ಶಿಕ್ಷಣವೇತ್ತನು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ‘ಆರ್ಬಿಸ್ ಪಿಕ್ಟಸ್’ ಎಂಬ ಸಚಿತ್ರ ಪಠ್ಯಪುಸ್ತಕವನ್ನು ಹೊರತಂದನು. ಚಿತ್ರದಲ್ಲಿರುವ ವಸ್ತುಗಳಿಗೆ ಅಂಕೆಗಳನ್ನು ಕೊಟ್ಟು, ಅವುಗಳ ಹೆಸರುಗಳನ್ನು ಪಕ್ಕದಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ಕೊಟ್ಟಿತ್ತು. ವರ್ಣಮಾಲೆಯನ್ನು ಆತನು ಪ್ರಾಣಿಪಕ್ಷಿಗಳ ಕೂಗಿನಿಂದ ಕಲಿಸಿದನು. ಆದರೆ ಅದು ಪಾಠದ ಪುಸ್ತಕ. ಮಗು ತಾನಾಗಿಯೇ ಬೇಕೆಂದು ಕೇಳುವ ಪುಸ್ತಕ ಬರಲು ಬಹಳ ಕಾಲ ಹಿಡಿಯಿತು.

ಅಂಥ ಪುಸ್ತಕಗಳಲ್ಲಿ ಹೆಸರಾದ ಒಂದು ‘ಪೀಟರ್ ರ‍್ಯಾಬಿಟ್’. 1893ರಲ್ಲಿ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬ ಮಹಿಳೆ ಕಾಯಿಲೆ ಮಲಗಿದ್ದ ಐದು ವರ್ಷದ ಹುಡುಗನಿಗೆ ಸಚಿತ್ರವಾದ ಕಾಗದವೊಂದನ್ನು ಬರೆದರು. ಅದೇ ಮುಂದೆ ಪುಸ್ತಕವಾಯಿತು. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ನಿರಾಕರಿಸಲಾಗಿ 1901ರಲ್ಲಿ ತಾವೇ 250 ಪ್ರತಿಗಳನ್ನು ಅಚ್ಚು ಹಾಕಿಸಿದರು. ಮರುವರ್ಷ ಪ್ರಕಾಶಕರೊಬ್ಬರು ಅದನ್ನು ಬಣ್ಣದ ಚಿತ್ರಗಳೊಡನೆ ಹೊರತಂದರು. ಪುಸ್ತಕ ಚಿಕ್ಕ ಕೈಗಳಿಗೆ ಒಗ್ಗುವಷ್ಟು ಚಿಕ್ಕದಾಗಿರಬೇಕೆಂಬುದು ಆಕೆಯ ಹಟವಾಗಿತ್ತು. ಇಲ್ಲಿ ಒಂದು ಗುಟ್ಟಿದೆ. ಮಗು ಪುಸ್ತಕವನ್ನು ಕಣ್ಣಿನಿಂದ ಮಾತ್ರವಲ್ಲ, ಕೈಯಿಂದಲೂ ಓದುತ್ತದೆ. ಎರಿಕ್ ಕಾರ್ಲ್ ಎಂಬ ಅಮೆರಿಕದ ಚಿತ್ರಕಾರರು 1969ರಲ್ಲಿ ಹಸಿದ ಕಂಬಳಿಹುಳುವಿನ ಕಥೆಯನ್ನು ರಚಿಸಿದಾಗ ಹುಳು ತಿಂದ ಹಣ್ಣುಗಳಲ್ಲೆಲ್ಲ ನಿಜವಾದ ತೂತುಗಳನ್ನೇ ಮಾಡಿಸಿದರು. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರುಹಣ್ಣು ಎಂದು ಎಣಿಕೆಯೂ ವಾರಗಳೂ ತಾವಾಗಿಯೇ ಬರುತ್ತವೆ. ಮಗು ಮಾತ್ರ ತೂತಿನೊಳಗೆ ಬೆರಳಿಟ್ಟು ತಾನೇ ಹುಳುವಾಗಿರುತ್ತದೆ. ಈ ಪುಸ್ತಕ ಅರವತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ.

ಇನ್ನು ಕೇಳಿದ್ದನ್ನೇ ಕೇಳುವ ಹಟ. ಇದನ್ನು ನಾವು ಹುಡುಗಾಟವೆಂದು ತಿಳಿಯುತ್ತೇವೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷದ ಮಕ್ಕಳಿಗೆ ಕಥೆಗಳ ಮೂಲಕ ಹೊಸ ಶಬ್ದಗಳನ್ನು ಕೇಳಿಸಿ ಪರೀಕ್ಷೆ ಮಾಡಿ, 2011ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕೆಲವರಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದರು. ಉಳಿದವರಿಗೆ ಬೇರೆ ಬೇರೆ ಕಥೆಗಳನ್ನು ಓದಿದರು. ಹೊಸ ಶಬ್ದಗಳು ಕಿವಿಗೆ ಬಿದ್ದ ಸಲಗಳು ಇಬ್ಬರಿಗೂ ಸಮ. ಆದರೂ ಒಂದೇ ಕಥೆಯನ್ನು ಕೇಳಿದ ಮಕ್ಕಳೇ ಆ ಶಬ್ದಗಳನ್ನು ಚೆನ್ನಾಗಿ ಕಲಿತಿದ್ದರು. ಮುಂದೇನೆಂಬುದು ಗೊತ್ತಿದ್ದರೆ ಮನಸ್ಸು ಕಥೆಯ ಹಿಂದೆ ಓಡಬೇಕಾಗಿಲ್ಲ. ವಿವರದ ಮೇಲೆ ನಿಲ್ಲಬಹುದು. ನಮ್ಮ ಅಜ್ಜಿಯರು ಒಂದೇ ಕಥೆಯನ್ನು ನೂರು ಸಲ ಹೇಳಿದುದೂ, ಪಂಜೆ ಮಂಗೇಶರಾಯರ ಮತ್ತು ರಾಜರತ್ನಂ ಅವರ ಶಿಶುಗೀತೆಗಳು ನಮ್ಮ ನಾಲಗೆಯ ಮೇಲೆ ನಿಂತುದೂ ಹೀಗೆಯೇ ಅಲ್ಲವೆ?

ಮಕ್ಕಳ ಪುಸ್ತಕದಲ್ಲಿ ಭಯ ಕೂಡದೆಂದು ಹಲವರ ಅಭಿಪ್ರಾಯ. ಆದರೆ ಪೀಟರನ ತಂದೆ ತೋಟದ ಯಜಮಾನನ ಮನೆಯಲ್ಲಿ ಅಡುಗೆಯಾಗಿಹೋದ ಸಂಗತಿ ಆ ಪುಸ್ತಕದ ಮೊದಮೊದಲಿಗೇ ಬರುತ್ತದೆ. ಮಾರಿಸ್ ಸೆಂಡಾಕ್ 1963ರಲ್ಲಿ ಪ್ರಕಟಿಸಿದ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಎಂಬ ಪುಸ್ತಕದಲ್ಲಿ, ತುಂಟತನಕ್ಕಾಗಿ ಊಟವಿಲ್ಲದೆ ಮಲಗಿದ ಹುಡುಗನು ಕೋರೆಹಲ್ಲಿನ ಘೋರ ಪ್ರಾಣಿಗಳ ದ್ವೀಪಕ್ಕೆ ಹೋಗಿ ಅವುಗಳ ರಾಜನಾಗುತ್ತಾನೆ. ಚಿತ್ರಗಳು ಪುಟದಿಂದ ಪುಟಕ್ಕೆ ಬೆಳೆಯುತ್ತ ಕಡೆಗೆ ಮಾತಿಗೆ ಎಡೆಯೇ ಇಲ್ಲದಂತೆ ಪುಟವನ್ನೆಲ್ಲ ತುಂಬುತ್ತವೆ. ಅವನು ಹಿಂದಿರುಗಿದಾಗ ಕೋಣೆಯಲ್ಲಿ ಊಟ ಕಾದಿದೆ, ಇನ್ನೂ ಬಿಸಿಯಾಗಿದೆ. ಮಗುವಿಗೆ ಬೇಕಾದುದು ಭಯವಿಲ್ಲದ ಕಥೆಯಲ್ಲ. ಭಯದಿಂದ ಮನೆಗೆ ಮರಳಿ ಬರುವ ಕಥೆ.

ದೊಡ್ಡವರ ತೀರ್ಮಾನಕ್ಕೂ ಮಕ್ಕಳ ಆಯ್ಕೆಗೂ ಇರುವ ಅಂತರಕ್ಕೆ ಒಂದು ನಿದರ್ಶನವನ್ನು ಹೇಳಲೇಬೇಕು. 1947ರಲ್ಲಿ ಮಾರ್ಗರೆಟ್ ವೈಸ್ ಬ್ರೌನ್ ಬರೆದು ಕ್ಲೆಮೆಂಟ್ ಹರ್ಡ್ ಚಿತ್ರಿಸಿದ ‘ಗುಡ್‌ನೈಟ್ ಮೂನ್’ ಪ್ರಕಟವಾಯಿತು. ಅದರಲ್ಲಿ ಕಥೆಯೇ ಇಲ್ಲವೆನ್ನಬಹುದು. ಮಲಗುವ ಮೊಲದ ಮರಿ ಕೋಣೆಯಲ್ಲಿರುವ ಒಂದೊಂದು ವಸ್ತುವಿನಿಂದಲೂ ಬೀಳ್ಕೊಳ್ಳುತ್ತದೆ. ಪುಟ ತಿರುವಿದಂತೆ ಕೋಣೆ ಮೆಲ್ಲಮೆಲ್ಲನೆ ಕತ್ತಲಾಗುತ್ತದೆ. ಕೋಣೆಯ ಬಣ್ಣದ ಚಿತ್ರಗಳಲ್ಲೆಲ್ಲ ಒಂದು ಪುಟ್ಟ ಇಲಿ ಬೇರೆ ಬೇರೆ ಜಾಗದಲ್ಲಿ ಕುಳಿತಿರುತ್ತದೆ. ಓದುವ ತಾಯಿಗೆ ಅದು ಕಾಣುವುದಿಲ್ಲ, ಮಗುವಿಗೆ ಕಾಣುತ್ತದೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ದಶಕಗಳ ಕಾಲ ಮಕ್ಕಳ ವಿಭಾಗವನ್ನು ಕಟ್ಟಿ ಬೆಳೆಸಿದ ಆನ್ ಕ್ಯಾರೊಲ್ ಮೂರ್ ಎಂಬಾಕೆಗೆ ಈ ಪುಸ್ತಕ ಹಿಡಿಸಲಿಲ್ಲ. ಆಕೆ ಆ ವೇಳೆಗೆ ನಿವೃತ್ತರಾಗಿದ್ದರೂ ಅಲ್ಲಿ ಆಕೆಯ ಮಾತು ನಡೆಯುತ್ತಿತ್ತು. 1972ರವರೆಗೆ ಆ ಗ್ರಂಥಾಲಯ ಪುಸ್ತಕವನ್ನು ಕೊಳ್ಳಲೇ ಇಲ್ಲ. 2020ರಲ್ಲಿ ಗ್ರಂಥಾಲಯವು ತನ್ನ 125 ವರ್ಷಗಳಲ್ಲಿ ಅತ್ಯಧಿಕ ಸಲ ಓದುಗರು ಒಯ್ದ ಹತ್ತು ಪುಸ್ತಕಗಳ ಪಟ್ಟಿಯನ್ನು ಹೊರಡಿಸಿದಾಗ, ಹಿಮದಲ್ಲಿ ಆಡುವ ಕಪ್ಪು ಬಾಲಕನೊಬ್ಬನ ಚಿತ್ರಪುಸ್ತಕ, ಎಜ್ರಾ ಜಾಕ್ ಕೀಟ್ಸರ ‘ದ ಸ್ನೋಯಿ ಡೇ’ (1962), 4,85,583 ಸಲ ಹೋಗಿ ಮೊದಲ ಸ್ಥಾನ ಪಡೆಯಿತು. ಗುಡ್‌ನೈಟ್ ಮೂನ್ ಪಟ್ಟಿಯೊಳಗೆ ಸೇರಲಿಲ್ಲ. ಇಪ್ಪತ್ತೈದು ವರ್ಷ ಹೊರಗಿಡದಿದ್ದರೆ ಅದೂ ಅಗ್ರಪಂಕ್ತಿಯಲ್ಲಿ ಇರುತ್ತಿತ್ತೆಂದು ಗ್ರಂಥಾಲಯವೇ ಒಪ್ಪಿಕೊಂಡು ಅದರ ಹೆಸರನ್ನು ಬೇರೆಯಾಗಿ ಸೂಚಿಸಿತು. ಇಲ್ಲಿ ಎಡವಿದವರು ಮಕ್ಕಳ ವೈರಿಯಲ್ಲ. ಮಕ್ಕಳಿಗಾಗಿಯೇ ಬಾಳಿದವರು ಎಂಬುದನ್ನು ಮರೆಯಬಾರದು.

ನಮ್ಮಲ್ಲಿಯೂ ಪುಸ್ತಕಗಳಿಲ್ಲವೆಂದಲ್ಲ. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ‘ನೆಹರೂ ಬಾಲ ಪುಸ್ತಕಾಲಯ’ದ ಮಾಲೆಯಲ್ಲಿ ಅಗ್ಗದ ಬೆಲೆಗೆ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿಯೂ ತಂದಿದೆ. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಕನ್ನಡದ ಕಥೆಗಳನ್ನು ಅಚ್ಚು ಹಾಕುತ್ತಿರುವುದಲ್ಲದೆ, 2015ರಿಂದ ‘ಸ್ಟೋರಿವೀವರ್’ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ಉಚಿತವಾಗಿ ಒದಗಿಸುತ್ತಿದೆ. ಕೊರತೆಯಿರುವುದು ಬೇರೆ ಕಡೆ. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಚಿತ್ರಪುಸ್ತಕಗಳಿದ್ದುವು. ಹರಿದಾವೆಂಬ ಭಯದಿಂದ ಬೀರುವಿನಲ್ಲಿ ಬೀಗ ಹಾಕಿಸಿಕೊಂಡಿದ್ದುವು. ನಾನು ಅವುಗಳನ್ನು ಗಾಜಿನಾಚೆಯಿಂದ ನೋಡಿಯೇ ಮೇಲಿನ ತರಗತಿಗೆ ಹೋದೆ. ಹರಿಯದ ಪುಸ್ತಕ ಯಾವ ಮಗುವೂ ಮೆಚ್ಚದ ಪುಸ್ತಕವೆಂದು ಈಗ ನನಗೆ ತೋರುತ್ತದೆ.

ಹಾಗೆಂದು ಹಿರಿಯರಿಗೆ ಇಲ್ಲಿ ಕೆಲಸವಿಲ್ಲವೆಂದು ಹೇಳುವುದು ನನ್ನ ಉದ್ದೇಶವಲ್ಲ. ಒಳ್ಳೆಯ ಹತ್ತು ಪುಸ್ತಕಗಳನ್ನು ತಂದು ಮಗುವಿನ ಕೈಗೆಟಕುವಲ್ಲಿ ಇಡುವುದು ನಮ್ಮ ಕೆಲಸ. ಅವುಗಳಲ್ಲಿ ತನ್ನದು ಯಾವುದೆಂದು ಹೇಳುವುದು ಮಗುವಿನ ಹಕ್ಕು. ಈ ಕಾಲೇಜಿನಿಂದ ಹೊರಟ ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು, ಬಹುಮಂದಿ ತಾಯಿತಂದೆಗಳಾಗುವವರು. ಬೀರುವಿನ ಬೀಗದ ಕೈ ಆಗ ನಮ್ಮ ಬಳಿಯಲ್ಲಿಯೇ ಇರುತ್ತದೆ.

ಅಕ್ಕನ ಮಗನಿಗೆ ಮುಂದಿನ ರಜೆಗೆ ಮತ್ತೊಂದು ಪುಸ್ತಕ ಕೊಡಿಸಬೇಕೆಂದಿದ್ದೇನೆ. ಈ ಸಲ ಅಂಗಡಿಗೆ ಅವನನ್ನೂ ಕರೆದುಕೊಂಡು ಹೋಗುತ್ತೇನೆ.