ಕಿವಿಯೊಳಗಿನ ಜೀರುಂಡೆ

ರಾತ್ರಿ ಪಾತ್ರೆ ತೊಳೆದಿಟ್ಟು, ಒಲೆಕಟ್ಟೆ ಒರೆಸಿ, ದೀಪ ಆರಿಸಿ ಮಲಗಿದ್ದೀರಿ. ಮನೆಯೆಲ್ಲ ನಿಶ್ಶಬ್ದ. ನಿಮ್ಮ ಕಿವಿಯೊಳಗೆ ಮಾತ್ರ ಜೀರುಂಡೆಯ ಹಾಗೆ ಒಂದೇ ಸಮನೆ ಸದ್ದು. ಕೆಲವರಿಗೆ ಅದು ಕುಕ್ಕರಿನ ಕೂಗು, ಕೆಲವರಿಗೆ ದೂರದ ಹಿಟ್ಟಿನ ಗಿರಣಿ. ಮನೆಯವರನ್ನು ಎಬ್ಬಿಸಿ ಕೇಳಿದರೆ, 'ಎಂಥ ಸದ್ದೂ ಇಲ್ಲ, ಸುಮ್ಮನೆ ಮಲಗು' ಅನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ, ನಿಮ್ಮ ಮಾತೂ ಸುಳ್ಳಲ್ಲ!

ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಇದರ ಹೆಸರು 'ಕರ್ಣನಾದ'. ಹಗಲಿರುಳೂ ಕಿವಿ ಮೊರೆಯುತ್ತದೆಂದು ಸಂಗೀತಗಾರ ಬೀಥೋವನ್ 1801ರಲ್ಲಿ ಗೆಳೆಯನಿಗೆ ಬರೆದಿದ್ದ. ಜಗತ್ತಿನ 74 ಕೋಟಿಗೂ ಹೆಚ್ಚು ವಯಸ್ಕರಿಗೆ ಈ ಅನುಭವವಿದೆಯೆಂದು 2022ರ ಒಂದು ಅಧ್ಯಯನ ಅಂದಾಜು ಮಾಡಿದೆ. ಆರು ವರ್ಷದಿಂದ ನಾನೂ ಅವರಲ್ಲೊಬ್ಬಳು. ಆದ್ದರಿಂದ ಸೋದರಿ, ತಲೆ ಕೆಟ್ಟಿತೇನೋ ಎಂದು ಹೆದರಬೇಡಿ.

ಸದ್ದು ಎಲ್ಲಿಯದು?

ಒಳಗಿವಿಯಲ್ಲಿ ಶಬ್ದವನ್ನು ಹಿಡಿಯುವ ಅತಿ ಸೂಕ್ಷ್ಮ ಜೀವಕೋಶಗಳಿವೆ. ವಯಸ್ಸು, ಯಂತ್ರಗಳ ಆರ್ಭಟ, ಪಟಾಕಿ, ಜಾತ್ರೆಯ ಧ್ವನಿವರ್ಧಕ ಇವುಗಳಿಂದ ಅವು ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಸುದ್ದಿ ಬರುವುದು ಕಡಿಮೆಯಾದಾಗ ಮೆದುಳು ತಾನೇ ಕಿವಿ ನಿಮಿರಿಸಿ ಕೇಳುತ್ತದಂತೆ. ಸ್ಟೇಷನ್ ಸಿಗದ ರೇಡಿಯೋದ ದನಿ ಏರಿಸಿದರೆ ಗೊರಗೊರ ಅನ್ನುವುದಿಲ್ಲವೇ, ಹಾಗೆ.

ಮೊದಲು ವೈದ್ಯರಲ್ಲಿಗೆ

ಬರೀ ಗುಗ್ಗೆ ಕಟ್ಟಿದ್ದರೂ, ಕಿವಿ ಸೋರುತ್ತಿದ್ದರೂ ಹೀಗಾಗಬಹುದು. ಆಸ್ಪಿರಿನ್ ಹೆಚ್ಚು ಪ್ರಮಾಣದಲ್ಲಿ ನುಂಗಿದರೂ, ಕೆಲವು ಇಂಜೆಕ್ಷನ್‌ಗಳಿಂದಲೂ ಆಗುವುದುಂಟು. ಹಾಗಂತ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ, ಕೊಟ್ಟವರನ್ನು ಕೇಳಿ. ಹೇರ್‌ಪಿನ್, ಬೆಂಕಿಕಡ್ಡಿ ಹಾಕಿ ಕೆದಕಬೇಡಿ. ಕಿವಿಯ ತಮಟೆ ತೂತಾಗಿದ್ದರೆ ಬೆಳ್ಳುಳ್ಳಿ ಎಣ್ಣೆಯಿಂದ ಕೇಡೇ ಹೆಚ್ಚು.

ಒಂದೇ ಕಿವಿಯಲ್ಲಿ ಸದ್ದಿದ್ದರೆ, ನಾಡಿ ಬಡಿದಂತೆ ಡಬ್ ಡಬ್ ಅಂದರೆ, ಜೊತೆಗೆ ತಲೆ ಸುತ್ತಿದರೆ ತಡಮಾಡದೆ ತೋರಿಸಿ. ಇದ್ದಕ್ಕಿದ್ದಂತೆ ಕಿವಿ ಕೇಳಿಸದೆ ಹೋದರಂತೂ ಅದೇ ದಿನ ಹೋಗಬೇಕು. ಶ್ರವಣ ಪರೀಕ್ಷೆಗೆ ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಮಂದವಾಗಿದ್ದರೆ ಶ್ರವಣಯಂತ್ರ ಹಾಕಿಕೊಳ್ಳಲು ನಾಚಿಕೆ ಬೇಡ. ಹೊರಗಿನ ಮಾತು ಚೆನ್ನಾಗಿ ಕೇಳಿಸಿದಾಗ ಒಳಗಿನ ಸದ್ದು ಎಷ್ಟೋ ಜನಕ್ಕೆ ಹಿಂದೆ ಸರಿಯುತ್ತದೆ.

ನಿಶ್ಶಬ್ದವೇ ಶತ್ರು

ಪರೀಕ್ಷೆಯಲ್ಲಿ ಬೇರೇನೂ ತೊಂದರೆ ಕಾಣದಿದ್ದರೆ ಮುಂದೇನು? ಸದ್ದನ್ನೇ ಅಳಿಸಿಬಿಡುವ ಮಾತ್ರೆ ಇನ್ನೂ ಬಂದಿಲ್ಲ. ಜಾಹೀರಾತು ನಂಬಿ ಮನೆಖರ್ಚಿನ ದುಡ್ಡು ಸುರಿಯಬೇಡಿ. ಆದರೆ ಸಂಕಟ ಖಂಡಿತ ಕಡಿಮೆಯಾಗುತ್ತದೆ.

1953ರಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬ ಅಮೆರಿಕದ ಇಬ್ಬರು ತಜ್ಞರು, ಚೆನ್ನಾಗಿ ಕಿವಿ ಕೇಳುವ 80 ಮಂದಿಯನ್ನು ಶಬ್ದವೇ ಬಾರದ ಕೋಣೆಯಲ್ಲಿ ಕೂರಿಸಿದರು. ಕೆಲವೇ ನಿಮಿಷದಲ್ಲಿ ಶೇಕಡ 94 ಮಂದಿಗೆ ಏನಾದರೊಂದು ಸದ್ದು ಕೇಳಿಸಿತು! ಅಂದಮೇಲೆ ಕಿವಿಗೆ ಹತ್ತಿ ತುರುಕಿ ಮಲಗಿದರೆ ಸದ್ದು ಜೋರಾಗದೆ ಇರುತ್ತದೆಯೇ?

ನಾನು ಮಾಡುವುದಿಷ್ಟೆ. ಮಲಗುವಾಗ ಟೇಬಲ್ ಫ್ಯಾನನ್ನು ಗೋಡೆಯ ಕಡೆ ತಿರುಗಿಸಿ ಹಾಕುತ್ತೇನೆ. ಇಲ್ಲವೇ ರೇಡಿಯೋವನ್ನು ಕಿವಿಯ ಸದ್ದಿಗಿಂತ ಒಂದು ಗುಲಗಂಜಿ ಕಡಿಮೆ ದನಿಯಲ್ಲಿ ಇಡುತ್ತೇನೆ. ಸದ್ದನ್ನು ಪೂರಾ ಮುಚ್ಚಬಾರದು, ಅದರ ಜೊತೆ ಇದೂ ಇರಲಿ. ಗಿರಣಿಯಲ್ಲಿ, ಮೆರವಣಿಗೆಯಲ್ಲಿ ಮಾತ್ರ ಕಿವಿ ಮುಚ್ಚಿಕೊಳ್ಳುತ್ತೇನೆ. ರೈಲು ಹಳಿಯ ಪಕ್ಕದ ಮನೆಯವರಿಗೆ ಕ್ರಮೇಣ ರೈಲಿನ ಸದ್ದು ಲೆಕ್ಕಕ್ಕೇ ಬರುವುದಿಲ್ಲ, ನೋಡಿ. ಮೆದುಳಿಗೆ ಆ ಅಭ್ಯಾಸ ಆಗಲು ತಿಂಗಳುಗಳೇ ಬೇಕು. 'ಇವತ್ತು ಎಷ್ಟಿದೆ?' ಅಂತ ಗಳಿಗೆಗೊಮ್ಮೆ ಕಿವಿಗೊಟ್ಟರೆ ಆ ಅಭ್ಯಾಸ ದೂರವೇ ಉಳಿಯುತ್ತದೆ.

ಯೋಚನೆಯ ದಾರಿಯನ್ನೇ ಬದಲಿಸಲು ಕಲಿಸುವ ಮನೋಚಿಕಿತ್ಸೆಯಿಂದ ತುಂಬಾ ಜನಕ್ಕೆ ಸಂಕಟ ಇಳಿದಿದೆ. ನಿದ್ದೆಗೆಟ್ಟು ಬದುಕೇ ಬೇಡ ಅನ್ನಿಸಿದರೆ ಮುಚ್ಚಿಡಬೇಡಿ. ಕೂಡಲೇ ಮನೆಯವರಿಗೂ ವೈದ್ಯರಿಗೂ ಹೇಳಿ.

ಮನೆಯವರಿಗೊಂದು ಮಾತು: ಜ್ವರವಾದರೆ ಹಣೆ ಮುಟ್ಟಿ ನೋಡಬಹುದು, ಇದು ಹಾಗಲ್ಲ. ಅತ್ತೆಯೋ ಅಮ್ಮನೋ ಹೆಂಡತಿಯೋ 'ಕಿವಿ ಗುಂಯ್ ಅನ್ನುತ್ತೆ' ಅಂದರೆ, 'ವಯಸ್ಸಾಯ್ತು ಬಿಡು' ಎಂದು ನಗಬೇಡಿ. ಅವರನ್ನು ನಂಬಿ. ಟಿ.ವಿ. ದನಿ ತಗ್ಗಿಸಿ, ಎದುರು ನಿಂತು ನಿಧಾನವಾಗಿ ಮಾತಾಡಿ. ಇದಕ್ಕೆ ಕಾಸು ಖರ್ಚಿಲ್ಲ.